ಒಂಬೈನೂರು ಮೀಟರ್ ಗಟಾರ, ಒಂದು ಆಯಾರ

ದ್ಯಾವಪ್ಪ ಹುಟ್ಟಿದ್ದು ಶೇಂಗಾ ಕೀಳುವ ಹಂಗಾಮಿನಲ್ಲಿ. ಹೊಲದಲ್ಲಿ ಬಳ್ಳಿ ಕೀಳುತ್ತಿದ್ದಾಗಲೇ ಹೊಟ್ಟೆನೋವು ಬಂತೆಂದು ಅವನ ತಾಯಿ ಕೊನೆಯ ತನಕ ಹೇಳುತ್ತಿದ್ದಳು. ಆದರೆ ಸರ್ಕಾರದ ಪ್ರಕಾರ ಅವನು ಹುಟ್ಟಿದ್ದು ಜೂನ್ ಒಂದರಂದು. ಹುಣಸಿದಿನ್ನಿಯ ಸಾಲೆಯ ಮಾಸ್ತರರು ಆ ವರ್ಷ ಹೆಸರು ಹಚ್ಚಿದ ಇಪ್ಪತ್ತೆರಡು ಮಕ್ಕಳನ್ನೂ ಒಂದೇ ದಿನ ಹುಟ್ಟಿಸಿಬಿಟ್ಟಿದ್ದರು. ತಾಯಂದಿರಿಗೆ ತಾರೀಖು ಗೊತ್ತಿರಲಿಲ್ಲ, ಮಾಸ್ತರರಿಗೆ ಪುರುಸೊತ್ತಿರಲಿಲ್ಲ.

ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಅರವತ್ತು ವರ್ಷದ ತನಕ. ಆಮೇಲೆ ಆಯಿತು. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಹೋಗಬೇಕೆಂಬುದು ನಿಯಮ. ಹಾಗಾಗಿ ದ್ಯಾವಪ್ಪನ ನಿವೃತ್ತಿ ಮೇ ಮೂವತ್ತೊಂದಕ್ಕೆ ಬಂದು ಕೂತಿತು, ಮಳೆಗಾಲದ ಹೊಸ್ತಿಲ ಈಚೆಗೆ. ತಾಯಿಯ ಮಾತನ್ನು ಮಾಸ್ತರರು ಒಂದಿಷ್ಟು ಕಿವಿಗೆ ಹಾಕಿಕೊಂಡಿದ್ದರೆ ಅವನಿಗೆ ಇನ್ನೊಂದು ಪೂರ್ತಿ ಮಳೆಗಾಲ ದಕ್ಕುತ್ತಿತ್ತು. ಅವನಿಗೆ ಬೇಕಾಗಿದ್ದುದು ಪಗಾರಲ್ಲ, ಮಳೆ.

ಯಾಕೆಂದರೆ ದ್ಯಾವಪ್ಪ ರಸ್ತೆಯ ಗ್ಯಾಂಗ್‌ಮನ್. ಹನುಮಸಾಗರದ ಕಡೆಯಿಂದ ಕುಷ್ಟಗಿಯತ್ತ ಬರುವ ಡಾಂಬರು ರಸ್ತೆಯಲ್ಲಿ ಆರು ಕಿಲೋಮೀಟರು ಅವನ ಪಾಲಿನದು. ಅವನು ಕೆಲಸಕ್ಕೆ ಸೇರಿದಾಗ ಗ್ಯಾಂಗಿನಲ್ಲಿ ಎಂಟು ಜನರಿದ್ದರು. ಒಬ್ಬೊಬ್ಬರೇ ನಿವೃತ್ತರಾದರು, ಇಬ್ಬರು ತೀರಿಕೊಂಡರು, ಹೊಸಬರನ್ನು ಯಾರೂ ತುಂಬಲಿಲ್ಲ. ಹದಿನಾಲ್ಕು ವರ್ಷಗಳಿಂದ ಗ್ಯಾಂಗೂ ಅವನೇ, ಮನ್ನೂ ಅವನೇ. ರಸ್ತೆಬದಿಯ ಜಾಲಿ ಕಡಿಯುವುದು, ಗುಂಡಿಗೆ ಗರಸುಮಣ್ಣು ತುಂಬುವುದು, ಸತ್ತ ನಾಯಿ ಎಳೆದು ಹಾಕುವುದು, ಇದೆಲ್ಲ ಅವನಿಗೆ ಬೇಸರದ ಕೆಲಸವಾಗಿರಲಿಲ್ಲ. ಬೇಸರ ಇದ್ದದ್ದು ಹುಣಸಿದಿನ್ನಿ ಊರೊಳಗಿನ ಒಂಬೈನೂರು ಮೀಟರ್ ಗಟಾರದ್ದು.

ಆ ಗಟಾರವನ್ನು ಕಟ್ಟಿದ್ದು ಇಲಾಖೆ. ಆಮೇಲೆ ಅದನ್ನು ಕಟ್ಟಿದ್ದು ಊರಿನ ಜನ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತಿರುವುದರಿಂದ ಇಬ್ಬರೂ ತಾವೇ ಕಟ್ಟಿದೆವೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಮನೆಯ ಮುಂದೆ ಗಟಾರ ಬಂದ ಕೂಡಲೇ ಪ್ರತಿಯೊಬ್ಬರೂ ಅದರ ಮೇಲೆ ಒಂದು ಪರಸಿ ಹಾಸಿದರು. ಪರಸಿ ಎಂದರೆ ನಾಲ್ಕು ಬೆರಳು ದಪ್ಪದ ಹಾಸುಗಲ್ಲು. ದಾಟಲಿಕ್ಕೆಂದು ಹಾಸಿದ ಕಲ್ಲು ಕೂರಲಿಕ್ಕೆ ಛಲೋ ಎಂದು ಗೊತ್ತಾಗಿ ಎರಡಾಯಿತು. ಎರಡರ ಸಂದಿಗೆ ಸಿಮೆಂಟು ಬಂತು. ಅದರ ಮೇಲೆ ಬೈಕು ಬಂತು, ಎಮ್ಮೆ ಬಂತು, ಕಡ್ಡಿ ಡಬ್ಬಿಯಿಂದ ಹಿಡಿದು ಮೊಬೈಲ್ ರಿಚಾರ್ಜಿನ ತನಕ ಎಲ್ಲವೂ ಸಿಗುವ ಡಬ್ಬಾ ಅಂಗಡಿ ಬಂತು. ಕೆಳಗೆ ಗಟಾರ ಇತ್ತೆಂಬುದು ಮಳೆ ಬಂದಾಗ ಮಾತ್ರ ನೆನಪಾಗುತ್ತಿತ್ತು, ಆಗ ದ್ಯಾವಪ್ಪನ ಹೆಸರೂ ನೆನಪಾಗುತ್ತಿತ್ತು.

“ಏನೋ ದ್ಯಾವಣ್ಣಾ, ಪಗಾರ ಬರತೈತಿ, ನೀರ್ ಹೋಗವಲ್ದು.”

“ಪಗಾರಕ್ಕ ಯಾರೂ ಪರಸಿ ಹಾಕಿಲ್ಲಲಪಾ,” ಎನ್ನುತ್ತಿದ್ದ ದ್ಯಾವಪ್ಪ.

ಪ್ರತಿ ವರ್ಷ ಮೇ ತಿಂಗಳಲ್ಲಿ ಅವನು ಸಿಕ್ಕ ಸಂದಿಯಲ್ಲೆಲ್ಲ ಸಲಿಕೆ ತೂರಿಸಿ ಹೂಳು ಎತ್ತುತ್ತಿದ್ದ. ಎತ್ತಿದ್ದನ್ನು ಅಂಚಿಗೆ ಗುಡ್ಡೆ ಹಾಕಿ ಟ್ರ್ಯಾಕ್ಟರ್ ಕಳಿಸಿರೆಂದು ಆಫೀಸಿಗೆ ಬರೆಸುತ್ತಿದ್ದ. ಟ್ರ್ಯಾಕ್ಟರ್ ಬರುವ ಮೊದಲು ಮಳೆ ಬರುತ್ತಿತ್ತು, ಗುಡ್ಡೆ ಕರಗಿ ಮತ್ತೆ ಗಟಾರಕ್ಕೇ ಇಳಿಯುತ್ತಿತ್ತು. ಹೀಗೆ ಒಂದೇ ಹೂಳನ್ನು ಮೂವತ್ತೊಂದು ಸಲ ಎತ್ತಿ ಅದರ ಮುಖಪರಿಚಯ ಆಗಿಹೋಗಿತ್ತು. ಒಂಟಿ ಹವಾಯಿ ಚಪ್ಪಲಿಯೊಂದು ಏಳು ವರ್ಷ ಸತತವಾಗಿ ಸಿಕ್ಕಿತ್ತು. ಎಂಟನೆಯ ವರ್ಷ ಸಿಗದಿದ್ದಾಗ ಅವನಿಗೆ ಒಂದು ನಮೂನೆ ಅನಿಸಿತು.

ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಲು ಅವನದೇ ಒಂದು ಪದ್ಧತಿ ಇತ್ತು. ಊರಿನ ಇಟ್ಟಿಗೆ ಭಟ್ಟಿಗೆ ಗಂಗಾವತಿಯ ರೈಸ್‌ಮಿಲ್ಲುಗಳಿಂದ ಭತ್ತದ ಹೊಟ್ಟು ಲಾರಿಯಲ್ಲಿ ಬರುತ್ತಿತ್ತು. ದಾರಿಯಲ್ಲಿ ಉದುರಿದ್ದನ್ನು ಬಳಿದು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಆರು ದಿನಕ್ಕೊಮ್ಮೆ ನಳಕ್ಕೆ ನೀರು ಬಿಟ್ಟಾಗ ಊರೆಲ್ಲ ಕೊಡ ತುಂಬಿ, ಬ್ಯಾರಲ್ ತುಂಬಿ, ಕೊನೆಗೆ ನಳ ಬಂದ್ ಮಾಡುವುದನ್ನು ಮರೆಯುತ್ತದೆ. ಆಗ ಗಟಾರದಲ್ಲಿ ಒಂದಿಷ್ಟು ನೀರು ಓಡುತ್ತದೆ. ದ್ಯಾವಪ್ಪ ಒಂದು ಬೊಗಸೆ ಹೊಟ್ಟು ಬಿಟ್ಟು ಅದರ ಜೊತೆ ನಡೆಯುತ್ತಿದ್ದ. ಹೊಟ್ಟು ಎಲ್ಲಿ ಗಿರಗಿರ ತಿರುಗಿ ನಿಂತಿತೋ ಅಲ್ಲಿ ರೋಗ. ಬಸ್‌ಸ್ಟ್ಯಾಂಡಿನ ಬಳಿ ಹೋಟೆಲಿನ ಮುಂದೆ ಒಂದು, ಗಿರಣಿಯ ಮುಂದೆ ಒಂದು, ಎಲ್ಲಕ್ಕಿಂತ ಹಟಮಾರಿಯಾದದ್ದು ಈಶಪ್ಪ ಸಾಹುಕಾರರ ಗೊಬ್ಬರದ ಅಂಗಡಿಯ ಮುಂದೆ. ಮೂವತ್ತೊಂದು ವರ್ಷದಲ್ಲಿ ಒಂದು ಎಳೆ ಹೊಟ್ಟೂ ಈಶಪ್ಪನನ್ನು ದಾಟಿ ಮುಂದೆ ಹೋದದ್ದಿಲ್ಲ.

ಇಷ್ಟಾದ ಮೇಲೆ ದ್ಯಾವಪ್ಪನಿಗೆ ಉಳಿದಿದ್ದ ಆಸೆ ಒಂದೇ. ಸಾಲೆಯ ಗೋಡೆಯ ಹತ್ತಿರ ಗಟಾರಕ್ಕೆ ಇಳಿದ ಮಳೆನೀರು ಊರ ಕೊನೆಯ ಸಿಡಿಯ ತನಕ, ಎಲ್ಲಿಯೂ ನಿಲ್ಲದೆ, ಒಂದೇ ಒಂದು ಸಲ ಹರಿದುಹೋಗುವುದನ್ನು ಕಣ್ಣಾರೆ ನೋಡಬೇಕು. ರಸ್ತೆಯ ಹೊಟ್ಟೆಯೊಳಗಿಂದ ನೀರು ದಾಟಿಸುವ ಕಿರುಸೇತುವೆಗೆ ನಮ್ಮ ಕಡೆ ಸಿಡಿ ಎನ್ನುತ್ತಾರೆ. ಹಾಡು ಬರುವ ಸಿಡಿಗಳು ಮಾಯವಾದವು, ನೀರು ಬಾರದ ಈ ಸಿಡಿಗಳು ಉಳಿದವು. ಹುಣಸಿದಿನ್ನಿಯ ಸಿಡಿಯ ಆಚೆಗೆ ಹಳ್ಳ. ಹಳ್ಳದ ದಾರಿಯಲ್ಲಿ ಪಾರಮ್ಮನ ತಗಡಿನ ಶೆಡ್ಡು. ಮುಂದೆ ಮಿರ್ಚಿ, ಮಂಡಾಳ ಎಂಬ ಮಂಡಕ್ಕಿಯ ಒಗ್ಗರಣೆಯ ಅಂಗಡಿ, ಹಿಂದೆ ಅವಳ ಒಂದು ಕೋಣೆಯ ಸಂಸಾರ. ಅಲ್ಲಿಗೆ ದ್ಯಾವಪ್ಪನ ಪಾಲಿನ ಗಟಾರ ಮುಗಿಯುತ್ತಿತ್ತು.

ಏಪ್ರಿಲ್ ಕೊನೆಗೆ ಅವನಿಗೊಂದು ವಿಚಾರ ಹೊಳೆಯಿತು. ಹೆಂಡತಿ ಹುಲಗಮ್ಮ ರೊಟ್ಟಿ ಬಡಿಯುತ್ತ ಕೂತಿದ್ದಳು.

“ರಿಟೈರ್‌ಮೆಂಟಿಗೆ ಊರಾಗ ಆಯಾರ ಮಾಡ್ತಾರಂತ ನಡದೈತಿ ಮಾತು,” ಎಂದ.

“ಮಾಡ್ಲಿ ಮತ್ತ,” ಎಂದಳು ಹುಲಗಮ್ಮ. “ಮೂವತ್ತು ವರ್ಷ ಊರಾಗಿನ ಮದಿವಿ, ತೊಟ್ಟಲಾ, ಮನಿ ಓಪನಿಂಗು, ಒಂದೂ ಬಿಡ್ಲಾರ್ದ ಮಾಡೇವಿ. ಈಶಪ್ಪ ಸಾಹುಕಾರ್ರ ಮಗಳು ವಾಣಿಶ್ರೀ ಮದಿವ್ಯಾಗ ತಾಮ್ರದ ಕೊಡ ಕೊಟ್ಟೇನಿ, ನೆನಪೈತಿಲ್ಲ? ನಮ್ಮ ಸರತಿ ಬಂದೈತಿ. ನನಗೊಂದು ಇಲಕಲ್ ಸೀರಿ ಬರಬೇಕು ನೋಡ್ರಿ.”

ಆಯಾರವೆಂದರೆ ಶುಭಕಾರ್ಯದಲ್ಲಿ ಬಂಧುಬಳಗ ಮಾಡುವ ಉಡುಗೊರೆ. ಪಡೆದವರು ತಿರುಗಿ ಮಾಡಲೇಬೇಕು. ಸಾಲ ತೀರಿಸದವನು ಊರಲ್ಲಿ ಎದೆ ಸೆಟೆಸಿ ನಡೆಯಬಹುದು, ಆಯಾರ ತೀರಿಸದವನು ನಡೆಯಲಾರ.

“ನಾ ಸೀರಿ ಬ್ಯಾಡ ಅಂತೀನಿ,” ಎಂದ ದ್ಯಾವಪ್ಪ. “ಧೋತರ ಬ್ಯಾಡ, ಶಾಲು ಬ್ಯಾಡ. ನಿಮ್ಮ ನಿಮ್ಮ ಬಾಗಲ ಮುಂದಿನ ಪರಸಿ ತಗೀರಿ, ಅದ ನನಗ ಆಯಾರ ಅಂತೀನಿ.”

ಹುಲಗಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. “ಉಟ್ಟಗೊಳ್ಳಾಕ ಬರತೈತೇನ್ರಿ ಪರಸಿ?”

“ಇಲ್ಲ.”

“ಮತ್ತ?”

“ನೀರ ಹರೀತೈತಿ ಬೇ.”

“ನೀರ ಹರದ್ರ ನನಗೇನ್ ಬಂತು? ನನ್ನ ಸೀರಿ ಹರದೈತಿ,” ಎಂದು ಹುಲಗಮ್ಮ ರೊಟ್ಟಿಯನ್ನು ಹೆಂಚಿಗೆ ಒಗೆದಳು. ಆ ರೊಟ್ಟಿ ಅಂದು ಸ್ವಲ್ಪ ಸೀದಿತ್ತು, ದ್ಯಾವಪ್ಪ ಅದನ್ನೇ ತಿಂದ.

ಮರುದಿನದಿಂದ ಅವನು ಮನೆಮನೆಗೆ ಹೋದ. ಅರ್ಜಿ, ನೋಟೀಸು, ಜಗಳ, ಯಾವುದಕ್ಕೂ ಜಗ್ಗದ ಊರು ಆಯಾರದ ಮಾತಿಗೆ ಸಿಕ್ಕಿಬಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಬ್ಬ ಎರಡು ದಿನದ ಮಟ್ಟಿಗೆ ಎಂದ, ಇನ್ನೊಬ್ಬ ಸಿಮೆಂಟ್ ಹಚ್ಚಿದ್ದನ್ನು ನೀನೇ ಒಡೆದುಕೋ ಎಂದ. ನೀರು ಬಿಡುವ ಯಮನೂರ, “ದ್ಯಾವಣ್ಣಾ, ಸೀರಿ ಕೊಡಸೂದು ಅಗ್ಗ ಆಕ್ಕಿತ್ತು,” ಎಂದು ಬೈದುಕೊಳ್ಳುತ್ತಲೇ ಹಾರೆ ಹಿಡಿದು ಬಂದ. ಕೊನೆಗೆ ಉಳಿದದ್ದು ಈಶಪ್ಪ.

ಈಶಪ್ಪನ ಅಂಗಡಿಯ ಮುಂದೆ ಒಂದಲ್ಲ, ಐದು ಪರಸಿ. ಅವುಗಳ ಮೇಲೆ ತೂಕದ ಯಂತ್ರ, ಬೆಂಚು, ಗೊಬ್ಬರದ ಚೀಲಗಳ ಪ್ರದರ್ಶನ.

“ದ್ಯಾವಪ್ಪ, ನಿನಗೊಂದು ರೇಶ್ಮಿ ರುಮಾಲು ಸುತ್ತಸ್ತೀನಿ,” ಎಂದರು ಈಶಪ್ಪ.

“ರುಮಾಲು ಬ್ಯಾಡ್ರಿ ಸಾಹುಕಾರ್ರ.”

“ನಿನ್ನ ಹೆಂಡ್ತಿಗೆ ಸೀರಿ ಕೊಡಸ್ತೀನಿ. ಇಲಕಲ್ಲಿಂದು, ಟೋಪ ತೆನಿ ಸೆರಗು ಇದ್ದದ್ದು.”

ಮನೆಯಲ್ಲಿ ಗೊತ್ತಾದರೆ ತನಗೆ ರೊಟ್ಟಿಯ ಬದಲು ಪರಸಿಯೇ ಗತಿ ಎಂದು ದ್ಯಾವಪ್ಪನಿಗೆ ತಿಳಿದಿತ್ತು.

“ಸೀರೀನೂ ಬ್ಯಾಡ್ರಿ. ಅಕಿ ವಾಣಿಶ್ರೀ ಅವ್ವಾರಿಗೆ ತಾಮ್ರದ ಕೊಡ ಕೊಟ್ಟಾಗ ನೀವು ಬ್ಯಾಡ ಅಂದಿದ್ದಿಲ್ಲ. ನಾ ಬೇಡೂದು ಕಲ್ಲು.”

ಅಂಗಡಿಯಲ್ಲಿ ಯೂರಿಯಾಕ್ಕೆ ಪಾಳಿ ನಿಂತಿದ್ದ ಏಳೆಂಟು ಜನ ಈಶಪ್ಪನ ಮುಖ ನೋಡಿದರು. ಈಶಪ್ಪ ಆಕಾಶ ನೋಡಿದರು. ಅಲ್ಲಿಯೂ ದಾರಿ ಕಾಣಲಿಲ್ಲ.

“ಮೇ ಮೂವತ್ತೊಂದರ ತನಕ ಅಷ್ಟ. ಜೂನ್ ಒಂದಕ್ಕ ನನ್ನ ಕಲ್ಲು ನನಗ.”

“ಅಷ್ಟ ಸಾಕ್ರಿ.”

ಪಾರಮ್ಮನ ಶೆಡ್ಡಿನ ಮುಂದೆ ಪರಸಿ ಇರಲಿಲ್ಲ. “ಯಣ್ಣಾ, ನಾ ಏನ್ ಆಯಾರ ಮಾಡ್ಲಿ ನಿನಗ?” ಎಂದಳು. ಅವಳ ಗಂಡ ಪಕ್ಕೀರಪ್ಪ ಗ್ಯಾಂಗಿನ ಎಂಟು ಜನರಲ್ಲಿ ಒಬ್ಬನಾಗಿದ್ದವನು, ತೀರಿಕೊಂಡು ಹದಿನಾರು ವರ್ಷ.

“ಒಂದು ಕಪ್ ಚಾ ಮಾಡ ಬೇ. ನೀರು ನಿನ್ನ ಬಾಗಲ ಮುಂದಿಂದ ಹಳ್ಳಕ್ಕ ಹೋಗೂ ದಿನ ಕುಡೀತೀನಿ.”

ಹದಿನೆಂಟು ದಿನ ದ್ಯಾವಪ್ಪ ಬೆಳಿಗ್ಗೆ ಆರಕ್ಕೆ ಗಟಾರಕ್ಕೆ ಇಳಿದ. ಪರಸಿ ಎತ್ತಿದಲ್ಲೆಲ್ಲ ಊರಿನ ಚರಿತ್ರೆ ಸಿಕ್ಕಿತು: ತುಕ್ಕು ಹಿಡಿದ ಕುಡುಗೋಲು, ಮೂರು ಚುನಾವಣೆಗಳ ಬ್ಯಾನರು, ಯಾರದೋ ಹಲ್ಲಿನ ಸೆಟ್ಟು, ಗುಟಕಾದ ಚೀಟಿಗಳ ಪದರ ಪದರ. ಹೂಳನ್ನು ಈ ಸಲ ಅಂಚಿಗೆ ಹಾಕಲಿಲ್ಲ, ಯಮನೂರನ ಕೈಗಾಡಿಯಲ್ಲಿ ತುಂಬಿ ದೂರದ ತಗ್ಗಿಗೆ ಸುರಿದ. ಸಿಡಿಯೊಳಗೆ ತಲೆ ಬಗ್ಗಿಸಿ ತೆವಳಿ, ಈ ಬಾಯಿಂದ ಆ ಬಾಯಿಯ ಬೆಳಕು ಕಾಣುವ ತನಕ ಬಳಿದ. ಆಚೆ ಬಾಯಿಯಿಂದ ತಲೆ ಹೊರಗೆ ಹಾಕಿದಾಗ ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಹೊಸದಾಗಿ ಕೆಂಪು ಗರಸು ಹೇರಿ ಏರಿಸಿದ ಒಂದು ಜಾಗ ಕಂಡಿತು, ಸುತ್ತ ನೆಟ್ಟ ಕಲ್ಲುಗಳು. ಈಶಪ್ಪ ಸಾಹುಕಾರರು ಪ್ಲಾಟು ಮಾಡುತ್ತಿದ್ದಾರೆಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅದು ರಸ್ತೆಯ ಹದ್ದು ದಾಟಿದ ಜಾಗ. ಕಂದಾಯದವರದೋ ಪಂಚಾಯತಿಯದೋ, ತನ್ನದಂತೂ ಅಲ್ಲ. ದ್ಯಾವಪ್ಪ ತಲೆ ಒಳಗೆ ಎಳೆದುಕೊಂಡು ತನ್ನ ಸಿಡಿಯನ್ನು ಇನ್ನೊಮ್ಮೆ ಕಸಬರಿಗೆಯಿಂದ ಗುಡಿಸಿದ. ಅಷ್ಟು ಸ್ವಚ್ಛ ತನ್ನ ಅಡಿಗೆಮನೆಯೂ ಇರಲಿಲ್ಲ ಎಂದು ಹುಲಗಮ್ಮ ಆಮೇಲೆ ಹೇಳಿದಳು.

ಗಟಾರ ತಯಾರಾಯಿತು, ಮಳೆ ತಯಾರಾಗಲಿಲ್ಲ. ಇಪ್ಪತ್ತೈದು ಹೋಯಿತು, ಇಪ್ಪತ್ತೆಂಟು ಹೋಯಿತು. ಯಲಬುರ್ಗಾದಲ್ಲಿ ಮಳೆಯಾಯಿತಂತೆ, ಕೊಪ್ಪಳದಲ್ಲಿ ಆಲಿಕಲ್ಲು ಬಿತ್ತಂತೆ, ಗಂಗಾವತಿಯಲ್ಲಿ ಗಿಡ ಉರುಳಿತಂತೆ. ಹುಣಸಿದಿನ್ನಿಯ ಮೇಲೆ ಮೋಡ ಬಂದು, ಕೆಳಗೆ ನೋಡಿ, ಮುಂದೆ ಹೋಯಿತು. ಮೂವತ್ತರಂದು ಯಮನೂರ ಕೇಳಿದ, “ಟಾಕಿ ನೀರು ಬಿಡ್ಲೇನ್ ದ್ಯಾವಣ್ಣಾ?”

“ಬ್ಯಾಡಪಾ. ಕುಡಿಯೂ ನೀರು. ಜನ ನನ್ನ ಆ ಗಟಾರದಾಗ ಹುಗೀತಾರ.”

ಮೂವತ್ತೊಂದರ ಮಧ್ಯಾಹ್ನ ಮೂರಕ್ಕೆ ಸಾಲೆಯ ಪಡಸಾಲೆಯಲ್ಲಿ ಬೀಳ್ಕೊಡುಗೆ. ಇಲಾಖೆಯ ಕಿರಿಯ ಇಂಜಿನಿಯರ್ ಮುಬಾಶಿರಾ ಮೇಡಂ ಕುಷ್ಟಗಿಯಿಂದ ಶಾಲು, ಹಾರ, ಒಂದು ಗೋಡೆ ಗಡಿಯಾರ ತಂದಿದ್ದರು. ಅವರು ಕೆಲಸಕ್ಕೆ ಬಂದು ಒಂದೂವರೆ ವರ್ಷ, ದ್ಯಾವಪ್ಪನ ಬಗ್ಗೆ ಗೌರವ ಇತ್ತು. ಈಶಪ್ಪ ಸಾಹುಕಾರರು ಅಧ್ಯಕ್ಷತೆ ವಹಿಸಿದ್ದರು, ಊರಲ್ಲಿ ಎಲ್ಲದಕ್ಕೂ ಅವರೇ ವಹಿಸುತ್ತಿದ್ದರು.

“ನಮ್ಮ ದ್ಯಾವಪ್ಪನವರು ರಸ್ತೆಗೆ ಜೀವಾ ತೇದವರು,” ಎಂದು ಮುಬಾಶಿರಾ ಶುರು ಮಾಡಿದರು. ಅಷ್ಟರಲ್ಲಿ ಪಶ್ಚಿಮದ ಕಡೆಯಿಂದ ದೂಳಿನ ಗೋಡೆಯೊಂದು ಎದ್ದು ಬಂತು. ತಗಡು ಬಡಿದುಕೊಂಡವು. ಹತ್ತು ಹನಿ, ನೂರು ಹನಿ, ಆಮೇಲೆ ಎಣಿಕೆ ಇಲ್ಲ. ಮುಂಗಾರಿಗೆ ಮೊದಲು ಬರುವ ಅಡ್ಡಮಳೆ ಅಡ್ಡಡ್ಡ ಹೊಡೆಯತೊಡಗಿತು.

ದ್ಯಾವಪ್ಪ ಕುರ್ಚಿಯಿಂದ ಎದ್ದ.

“ಕೂಡ್ರಿ, ಇನ್ನೂ ಸನ್ಮಾನ ಮುಗಿದಿಲ್ಲ,” ಎಂದರು ಈಶಪ್ಪ.

“ಬರ್ತೀನ್ರಿ,” ಎಂದು ಸನ್ಮಾನಿತನು ಹಾಕಿದ ಹಾರ, ಹೊದಿಸಿದ ಶಾಲಿನ ಸಮೇತ ಮಳೆಗೆ ಇಳಿದ.

ಸಾಲೆಯ ಗೋಡೆಯ ಹತ್ತಿರ ಮೊದಲ ಕೆಂಪು ನೀರು ಗಟಾರಕ್ಕೆ ಧುಮುಕಿತು. ಮುಂದೆ ನೊರೆಯ ಒಂದು ತುಟಿ, ಅದರ ಹಿಂದೆ ಕಸಕಡ್ಡಿ, ಹಿಂದಿನಿಂದ ನೂಕುವ ನೀರು. ದ್ಯಾವಪ್ಪ ಅದರ ಪಕ್ಕದಲ್ಲಿ ನಡೆದ. ನೀರು ಜೋರು ಮಾಡಿತು, ಅವನೂ ಮಾಡಿದ. ಬಸ್‌ಸ್ಟ್ಯಾಂಡಿನ ಹೋಟೆಲ್ ದಾಟಿತು. ಗಿರಣಿ ದಾಟಿತು. ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಪ್ರತಿ ಸಲ ಹೊಸ್ತಿಲು ಹತ್ತುತ್ತಿದ್ದ ನೀರು ಈ ಸಲ ಕೆಳಗೆ ತನ್ನ ಪಾಡಿಗೆ ಹೋಗುತ್ತಿತ್ತು.

“ಏ ದ್ಯಾವಣ್ಣಾ, ಮೆರವಣಿಗಿ ಹೊಂಟಿಯೇನು?” ಎಂದು ಯಾರೋ ಕೂಗಿದರು.

ಈಶಪ್ಪನ ಅಂಗಡಿ ಬಂತು. ಹಾಸುಗಲ್ಲು ಕಳಚಿದ ಆ ಬೋಳು ಗಟಾರದಲ್ಲಿ ನೀರು ಒಂದು ಕ್ಷಣ ಅಭ್ಯಾಸಬಲದಿಂದ ಎಂಬಂತೆ ಹೊಯ್ದಾಡಿ, ಮುಂದಕ್ಕೆ ಹರಿಯಿತು. ದ್ಯಾವಪ್ಪ ಅದರ ಹಿಂದೆ ಓಡಿದ. ಅರವತ್ತನೆಯ ವರ್ಷದಲ್ಲಿ ಒಬ್ಬ ಮನುಷ್ಯ ಕೊಚ್ಚೆನೀರಿನ ಹಿಂದೆ ಓಡುತ್ತ ಅಳುವುದು ಒಪ್ಪುವ ಮಾತಲ್ಲ, ಆದರೆ ಮಳೆಯಲ್ಲಿ ಯಾರಿಗೆ ಗೊತ್ತಾಗುತ್ತದೆ.

ನೀರು ಸಿಡಿಗೆ ನುಗ್ಗಿತು. ಅವನು ರಸ್ತೆ ದಾಟಿ ಆ ಬದಿಗೆ ಓಡಿದ. ಸಿಡಿಯ ಬಾಯಿಂದ ನೀರು ಹೊರಬಂತು, ಒಂಬೈನೂರು ಮೀಟರ್ ಊರಿನ ಎಲ್ಲಾ ಮಾಳಿಗೆ, ಅಂಗಳ, ಓಣಿಗಳ ನೀರು ಒಟ್ಟಿಗೆ, ಅವನ ಸೊಂಟದ ಎತ್ತರಕ್ಕೆ. ಅವನು ಎರಡೂ ಕೈ ಸೊಂಟಕ್ಕೆ ಇಟ್ಟುಕೊಂಡು ನಿಂತು ನೋಡಿದ. ಮೂವತ್ತೊಂದು ವರ್ಷದ ಆಸೆ ಸುಮಾರು ಅರ್ಧ ನಿಮಿಷ ಪೂರ್ತಿಯಾಗಿತ್ತು.

ಆಮೇಲೆ ನೀರು ಗರಸಿನ ಏರಿಗೆ ಡಿಕ್ಕಿ ಹೊಡೆಯಿತು. ಹಳ್ಳಕ್ಕೆ ಹೋಗುವ ಹಳೆಯ ಕಾಲುವೆ ಆ ಪ್ಲಾಟಿನ ಅಡಿಯಲ್ಲಿ ಮಲಗಿತ್ತು. ನೀರು ನಿಂತಿತು, ಹಿಂದೆ ತಿರುಗಿತು, ಎಡಕ್ಕೆ ನೋಡಿತು. ಎಡಕ್ಕೆ ಇದ್ದದ್ದು ಪಾರಮ್ಮನ ಶೆಡ್ಡು.

ಇಷ್ಟು ವರ್ಷ ಹುಣಸಿದಿನ್ನಿಯ ನೀರನ್ನು ಪರಸಿಗಳು ಊರಿಗೆಲ್ಲ ಹಂಚಿದ್ದವು. ಒಬ್ಬರ ಹೊಸ್ತಿಲಿಗೆ ಇಷ್ಟು, ಇನ್ನೊಬ್ಬರ ಅಂಗಳಕ್ಕೆ ಅಷ್ಟು, ಮಿಕ್ಕದ್ದು ರಸ್ತೆಗೆ. ಹಂಚಿ ತಿಂದವರು ಬೈದುಕೊಂಡು ತಿಂದಿದ್ದರು, ಪಾರಮ್ಮನ ತನಕ ಅದು ಬಂದೇ ಇರಲಿಲ್ಲ. ಈಗ ಇಡೀ ಊರಿನ ಪಾಲು ಅವಳೊಬ್ಬಳ ಬಾಗಿಲಿಗೆ ಬಂದಿತ್ತು. ತಂದವನು ಹಾರ ಹಾಕಿಕೊಂಡು ನಿಂತಿದ್ದ.

“ಯಣ್ಣಾ, ಒಳಗ ಬಂತು,” ಎಂದಳು ಪಾರಮ್ಮ. ಕೂಗಲಿಲ್ಲ. ಒಂದು ಕೈಯಲ್ಲಿ ಸ್ಟೋವು, ಇನ್ನೊಂದು ಕೈಯಲ್ಲಿ ಕಡಲೆಹಿಟ್ಟಿನ ಡಬ್ಬಿ ಹಿಡಿದು ಎಲ್ಲಿ ಇಡಬೇಕೆಂದು ಸುತ್ತ ನೋಡುತ್ತಿದ್ದಳು. ಮಂಡಾಳದ ಚೀಲ ತೇಲಿ ಬಾಗಿಲಿಗೆ ಬಂದಿತ್ತು. ಹಿಂದಿನ ಕೋಣೆಯಲ್ಲಿ ಜೋಳದ ಚೀಲ ತಳದಿಂದ ಮೇಲಕ್ಕೆ ಕಪ್ಪಾಗುತ್ತಿತ್ತು. ದ್ಯಾವಪ್ಪ ಅದನ್ನು ಬೆನ್ನಿಗೆ ಎತ್ತಿ ಮಂಚದ ಮೇಲೆ ಹಾಕಿದ. ನೀರು ಮಂಚದ ಕಾಲು ಹತ್ತುತ್ತಲೇ ಇತ್ತು. ಹೊರಗಿನ ಮಳೆ ನಿಲ್ಲುವ ಲಕ್ಷಣ ಇರಲಿಲ್ಲ.

ಅವನು ರಸ್ತೆಗೆ ಬಂದು ವಾಪಸ್ಸು ಓಡಿದ. ಎದುರಿಗೆ ಛತ್ರಿ ಹಿಡಿದು ಬರುತ್ತಿದ್ದ ಯಮನೂರನನ್ನು ಕಂಡು, “ಛತ್ರಿ ಒಗಿ, ಬಾ,” ಎಂದ. ಇಬ್ಬರೂ ಈಶಪ್ಪನ ಅಂಗಡಿಯ ಗೋಡೆಗೆ ಒರಗಿಸಿದ್ದ ಪರಸಿಗಳಲ್ಲಿ ಒಂದನ್ನು ಎತ್ತಿದರು. ದ್ಯಾವಪ್ಪ ಅದನ್ನು ಗಟಾರದ ಮೇಲೆ ಹಾಸಲಿಲ್ಲ. ಅಡ್ಡಲಾಗಿ, ನೆಟ್ಟಗೆ, ಗಟಾರದೊಳಗೆ ಇಳಿಸಿದ. ಅದರ ಬೆನ್ನಿಗೆ ಇನ್ನೊಂದು. ಸಂದಿಗೆ ತನ್ನ ಶಾಲು ತುರುಕಿದ.

ಸಾಲೆಯಿಂದ ಹಿಂದೆಯೇ ಬಂದ ಈಶಪ್ಪ ಸಾಹುಕಾರರು ಇದನ್ನು ನೋಡಿದರು. ನೀರು ನೆಗೆದು ಅವರ ಅಂಗಡಿಯ ಮೆಟ್ಟಿಲು ಹತ್ತಿತು.

“ಏ, ತಗೀರಿ ಅಂತ ತಿಂಗಳಗಟ್ಟಲೆ ಬೆನ್ನು ಹತ್ತಿದ್ದಿ. ಈಗ ನೀನ ಹಾಕಾಕತ್ತಿ? ತಲಿ ಕೆಟ್ಟೈತೇನ?”

“ನಿಮ್ಮ ನೀರು ನಿಮ್ಮ ಕಡೆನ ಇರ್ಲಿ ಸಾಹುಕಾರ್ರ,” ಎಂದ ದ್ಯಾವಪ್ಪ. “ಅಲ್ಲಿ ನಿಮ್ಮ ಪ್ಲಾಟು ನೀರು ಬ್ಯಾಡ ಅಂತೈತಿ.”

“ಪ್ಲಾಟು ನಂದು, ಉತಾರ, ಪಹಣಿ ಎಲ್ಲಾ ಐತಿ.”

“ಉತಾರದಾಗ ಕಾಲವಿ ಇತ್ತಿಲ್ರಿ?”

ಈಶಪ್ಪ ಯೂರಿಯಾ ಚೀಲ ಮೇಲೆ ಎತ್ತಿಡಲು ಆಳನ್ನು ಕೂಗಿದರು. ಮುಬಾಶಿರಾ ಮೇಡಂ ಜೀಪಿನಿಂದ ತಲೆ ಹೊರಗೆ ಹಾಕಿ ನೋಡಿದರು. ಒಂದು ಗಟಾರವನ್ನು ಅದರ ಗ್ಯಾಂಗ್‌ಮನ್ನೇ ಕಟ್ಟುತ್ತಿರುವುದನ್ನು ಯಾವ ಪರೀಕ್ಷೆಗೂ ಅವರು ಓದಿರಲಿಲ್ಲ. ಕೆಳಗೆ ಇಳಿದು, ಸಿಡಿಯ ತನಕ ಹೋಗಿ, ಪಾರಮ್ಮನ ಶೆಡ್ಡು ನೋಡಿ ಬಂದರು. ಸಲ್ವಾರು ಮೊಣಕಾಲ ತನಕ ತೊಯ್ದಿತ್ತು.

“ಆ ಕಾಲವಿ ಬಿಡಸಾಕ ನಾ ತಹಶೀಲ್ದಾರ್‌ಗೆ ಬರೀತೀನಿ, ದ್ಯಾವಪ್ಪರ.”

“ಬರೀರಿ ಮೇಡಂ. ಯಾವಾಗ ಆಕ್ಕೈತಿ?”

ಅವರು ಸುಳ್ಳು ಹೇಳುವಷ್ಟು ಹಳಬರಾಗಿರಲಿಲ್ಲ. “ಸರ್ವೇ ಆಗಬೇಕು. ಈ ಮಳೆಗಾಲದಾಗ ಆಗೂದಿಲ್ಲ,” ಎಂದರು.

ಐದೂವರೆಗೆ ಮಳೆಯೂ ಡ್ಯೂಟಿಯೂ ಒಟ್ಟಿಗೆ ಮುಗಿದವು. ಹುಲಗಮ್ಮ ಗಡಿಯಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಗಂಡನನ್ನು ಹುಡುಕುತ್ತ ಪಾರಮ್ಮನ ಶೆಡ್ಡಿಗೆ ಮುಟ್ಟಿದಳು. ಅವನು ಅಲ್ಲಿ ಬಕೆಟ್ಟಿನಿಂದ ನೀರು ತೋಡುತ್ತಿದ್ದ. ಹುಲಗಮ್ಮನ ಬಾಯಲ್ಲಿ ಸೀರೆಯ ವಿಷಯ ಸಿದ್ಧವಾಗಿ ಕೂತಿತ್ತು. ತೊಯ್ದ ಜೋಳ ನೋಡಿ ಅದನ್ನು ನುಂಗಿಕೊಂಡು, ಗಡಿಯಾರ ಮಂಚದ ಮೇಲಿಟ್ಟು, ಇನ್ನೊಂದು ಬಕೆಟ್ಟು ಹಿಡಿದಳು.

“ಯಣ್ಣಾ, ಚಾ ಮಾಡ್ಲಿ ಅಂದ್ರ ಸ್ಟೋವಿನ್ಯಾಗ ನೀರು ಹೊಕ್ಕೈತಿ,” ಎಂದಳು ಪಾರಮ್ಮ.

“ನಾ ಕುಡಿಯೂದಿಲ್ಲ ಬೇ,” ಎಂದ ದ್ಯಾವಪ್ಪ.

ಮರುದಿನ ಬೆಳಿಗ್ಗೆ ಊರಿನವರು ತಮ್ಮ ತಮ್ಮ ಪರಸಿಗಳನ್ನು ಸ್ವಸ್ಥಾನಕ್ಕೆ ಎಳೆಯುತ್ತಿದ್ದ ಸದ್ದು ರಸ್ತೆಯ ಉದ್ದಕ್ಕೂ ಕೇಳುತ್ತಿತ್ತು. ದ್ಯಾವಪ್ಪ ಯಾರನ್ನೂ ತಡೆಯಲಿಲ್ಲ. ಆದರೆ ಹಾಕುವವರು ಹಾಕಿಕೊಳ್ಳಲಿ, ನೀರು ಒಮ್ಮೆ ದಾರಿ ನೋಡಿಬಿಟ್ಟಿತ್ತು. ಹೂಳು ಇಲ್ಲದ ಗಟಾರದಲ್ಲಿ ಪರಸಿಯ ಕೆಳಗಿನಿಂದಲೂ ಅದು ಈ ಮಳೆಗಾಲ ಪೂರ್ತಿ ಪಾರಮ್ಮನ ಮನೆಗೆ ಬರುತ್ತಲೇ ಇರುತ್ತದೆ. ಇದು ಅವನಿಗೆ ರಾತ್ರಿಯೆಲ್ಲ ಗೊತ್ತಿತ್ತು. ಅವನು ಗುದ್ದಲಿ, ಹಾರೆ, ಬುಟ್ಟಿ ತೆಗೆದುಕೊಂಡು ಸಿಡಿಯ ಆಚೆ ಬಾಯಿಯ ಎದುರು, ಗರಸಿನ ಏರಿಗೆ ಮೊದಲ ಏಟು ಹಾಕಿದ. ಹುಲಗಮ್ಮ, ಪಾರಮ್ಮ ಬುಟ್ಟಿ ಹೊತ್ತರು. ಗರಸು ರೋಲರ್ ಓಡಿಸಿ ತುಳಿದಿದ್ದು, ಕಬ್ಬಿಣದ ಹಾಗೆ ಕೂತಿತ್ತು. ಗುದ್ದಲಿ ಹೊಡೆದರೆ ಕಿಡಿ, ಹಾರೆ ಹೊಡೆದರೆ ಅಂಗೈಗೆ ಗುಳ್ಳೆ. ಹಳ್ಳಕ್ಕೆ ಇಪ್ಪತ್ತು ಮಾರು ದೂರ, ಹತ್ತು ಗಂಟೆಗೆ ಎರಡೂವರೆ ಮಾರು ಆಗಿತ್ತು.

ಆಗ ಈಶಪ್ಪ ಬೈಕಿನಲ್ಲಿ ಬಂದರು.

“ಯಾರನ್ನ ಕೇಳಿ ಅಗ್ಯಾಕತ್ತಿ?”

“ಯಾರನ್ನೂ ಕೇ‍ಳಿಲ್ರಿ.”

“ನಿನ್ನ ಆಫೀಸಿಗೆ ಫೋನ್ ಹಚ್ತೀನಿ.”

“ಹಚ್ರಿ.”

ಈಶಪ್ಪ ಹಚ್ಚಿದರು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. “ಮೇಡಂ, ನಿಮ್ಮ ಮನಷ್ಯಾ ನನ್ನ ಪ್ಲಾಟು ಅಗ್ಯಾಕತ್ಯಾನ. ಅವಗ ಮೆಮೋ ಕೊಡ್ರಿ.”

“ಅವರು ನಿನ್ನೆ ಐದೂವರಿಗೆ ರಿಟೈರ್ ಆಗ್ಯಾರಲ್ರಿ,” ಎಂದರು ಮುಬಾಶಿರಾ. “ಅವರಿಗೆ ಮೆಮೋ ಕೊಡಾಕ ನಮಗ ಬರೂದಿಲ್ಲ. ಹಂಗ, ಆ ಕಾಲವಿ ಬಗ್ಗೆ ಇವತ್ತ ಪತ್ರಾ ಬರದೀನಿ ನೋಡ್ರಿ ಸಾಹುಕಾರ್ರ, ನಿಮ್ಮ ಹೆಸರೂ ಬರದೀನಿ.”

ಫೋನ್ ಕಟ್ಟಾಯಿತು. ಈಶಪ್ಪ ಸುತ್ತ ನೋಡಿದರು. ಮೂವತ್ತೊಂದು ವರ್ಷ ದ್ಯಾವಪ್ಪನ ಮೇಲೆ ಒಂದು ಇಲಾಖೆ ಇತ್ತು, ಬೆದರಿಸುವವರಿಗೆ ಅನುಕೂಲವಾಗಿತ್ತು. ಈಗ ಅವನ ಮೇಲೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

“ಪೊಲೀಸರನ್ನ ಕರಸ್ತೀನಿ,” ಎಂದರು.

“ಕರಸ್ರಿ. ಅವ್ರು ಬಂದ್ರ ನಾ ಅಗಿಯೂದು ಬಿಡ್ತೀನಿ. ಹೋದ ಮ್ಯಾಲ ಮತ್ತ ಅಗೀತೀನಿ. ನನಗೇನ್ ಬ್ಯಾರೆ ಕೆಲಸ ಐತ್ರಿ?”

ಈಶಪ್ಪ ಬೈಕನ್ನು ತಳ್ಳಿಕೊಂಡು ಏರಿಯ ಮೇಲೆ ಹತ್ತಿಸಿ, ದ್ಯಾವಪ್ಪ ಹಿಡಿದಿದ್ದ ದಾರಿಯ ನಟ್ಟನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಬೀಗ ಹಾಕಿ, ಕೀಲಿ ಜೇಬಿಗಿಟ್ಟು, ನಡೆದುಕೊಂಡೇ ಊರ ಕಡೆ ಹೋದರು.

ಮೂವರೂ ಬೈಕನ್ನು ನೋಡಿದರು. “ಎತ್ತಿ ಒಗಿಯೂಣು,” ಎಂದಳು ಹುಲಗಮ್ಮ.

“ಬ್ಯಾಡ. ಆಮ್ಯಾಲ ಅದಕ್ಕೊಂದು ಕೇಸು,” ಎಂದ ದ್ಯಾವಪ್ಪ. ಅಂಗೈಗೆ ಉಗುಳಿಕೊಂಡು ಮತ್ತೆ ಅಗೆಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಗಾಲಿಯ ಹತ್ತಿರ ಬಂದ. ಅಲ್ಲಿ ಒಂದು ಗೇಣು ಜಾಗ ಬಿಟ್ಟು, ಗುದ್ದಲಿಯನ್ನು ಬಲಕ್ಕೆ ತಿರುಗಿಸಿ, ಗಾಲಿಯ ಸುತ್ತ ಬಳಸಿ ಅಗೆದ.

“ಸೊಟ್ಟ ಆಕ್ಕೈತಲಾ ಯಣ್ಣಾ,” ಎಂದಳು ಪಾರಮ್ಮ ಬುಟ್ಟಿ ಒಡ್ಡುತ್ತ.

“ಆಗ್ಲಿ,” ಎಂದ ದ್ಯಾವಪ್ಪ. “ನೀರಿಗೆ ನಡೀತೈತಿ.”